ಎಷ್ಟು ಪರ್ಸೆಂಟ್ ಎಂದು ಕೇಳುವ ಮೊದಲು

ತಂಗೀ, ಸನದು ಕೈಗೆ ಬಂತು, ಕರಿ ಕೋಟು ಹೊಲಿಸಿಕೊಂಡದ್ದೂ ಆಯಿತು. ಇನ್ನು ನಿನ್ನ ಮೇಜಿನ ಎದುರು ಕಾಲಿಗೆ ರಾಡು ಹಾಕಿಸಿಕೊಂಡವರು, ಗಂಡನನ್ನು ಬೆಳಗಾವಿ ಆಸ್ಪತ್ರೆಯಲ್ಲಿ ಬಿಟ್ಟು ಬಂದವರು ಕೂಡತೊಡಗುತ್ತಾರೆ. ಅವರು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ವಕೀಲ್ರ, ಎಷ್ಟ್ ಪರ್ಸೆಂಟ್ ಹಾಕಸ್ತೀರಿ?" ಡಾಕ್ಟರು ಬರೆದುಕೊಡುವ ಅಂಗವೈಕಲ್ಯದ ಅಂಕಿ ದೊಡ್ಡದಾದರೆ ದುಡ್ಡೂ ದೊಡ್ಡದು ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯ ದಲ್ಲಾಳಿ ಹೇಳಿ ಕಳಿಸಿರುತ್ತಾನೆ. ನೀನು ಆ ಪ್ರಶ್ನೆಯನ್ನು ಸದ್ಯ ಬದಿಗಿಟ್ಟು, ಇನ್ನೊಂದನ್ನು ಕೇಳು. ಅಪಘಾತದ ಹಿಂದಿನ ದಿನ ಈ ಮನುಷ್ಯ ಮುಂಜಾನೆ ಎದ್ದಾಗಿನಿಂದ ರಾತ್ರಿ ಮಲಗುವತನಕ ಏನೇನು ಮಾಡಿದ? ಇವತ್ತು ಅದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ?

ಹೀಗೆ ಕೇಳು ಎನ್ನುವುದು ನನ್ನ ಹಟವಲ್ಲ, ಸುಪ್ರೀಂ ಕೋರ್ಟೇ ಹೇಳಿದ್ದು. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪು ಬಂತು. ಮೂಳೆಗಾದ ನಷ್ಟವೇ ಬೇರೆ, ದುಡಿಮೆಗಾದ ನಷ್ಟವೇ ಬೇರೆ, ನ್ಯಾಯಮಂಡಳಿ ಎರಡನೆಯದನ್ನು ತಾನೇ ಅಳೆಯಬೇಕು ಎಂದು ಅಲ್ಲಿ ಬಿಡಿಸಿ ಹೇಳಿದ್ದಾರೆ. ಎಡಗೈ ಹೋದ ಬಡಿಗನಿಗೋ ಡ್ರೈವರನಿಗೋ ದುಡಿಮೆ ಪೂರ್ತಿ ಹೋದಂತೆ. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿದೀತು. ಇನ್ನೂ ಹಿಂದೆ, 1976ರಲ್ಲಿ ವರದಿಯಾದ ಒರಿಸ್ಸಾದ ಬಡಿಗನೊಬ್ಬನ ಪ್ರಕರಣದಲ್ಲೂ ಹೀಗೇ ಆಗಿತ್ತು: ಮೊಣಕೈ ಮೇಲೆ ಎಡಗೈ ಕತ್ತರಿಸಿದ್ದಕ್ಕೆ, ಅವನ ಕಸುಬಿನ ಮಟ್ಟಿಗೆ ನೂರಕ್ಕೆ ನೂರು ನಷ್ಟ ಎಂದು ಕೋರ್ಟು ಒಪ್ಪಿತು. ರಾಮದುರ್ಗದ ನೇಕಾರನ ಎರಡು ಬೆರಳು ಮಡಚಲು ಬರದಿದ್ದರೆ ಏನಾಗುತ್ತದೆ ಎಂಬುದನ್ನು ಇದರ ಬೆಳಕಿನಲ್ಲಿ ನೋಡು. ಡಾಕ್ಟರ ಕಾಗದದ ಮೇಲೆ ಅದು ಸಣ್ಣ ಅಂಕಿ. ಮಗ್ಗದ ಮುಂದೆ ಕೂತು ಎಳೆ ಕಡಿದಾಗ ಗಂಟು ಹಾಕಬೇಕಾದವನಿಗೆ ಅದು ಮನೆಯ ಒಲೆಯ ಪ್ರಶ್ನೆ.

ಲೆಕ್ಕ ಹಾಕಿ ತೋರಿಸುತ್ತೇನೆ, ಹಾಳೆ ತಗೊ. ಸವದತ್ತಿ ಕಡೆಯ ಒಬ್ಬ ಕಬ್ಬು ಕಡಿಯುವ ಆಳು ಎಂದುಕೊ, ವಯಸ್ಸು 34, ತಿಂಗಳ ಗಳಿಕೆ 12,000 ಎಂದು ನ್ಯಾಯಮಂಡಳಿ ಒಪ್ಪಿತು. 31ರಿಂದ 35ರ ವಯಸ್ಸಿಗೆ ಸರಳಾ ವರ್ಮಾ ತೀರ್ಪಿನ ಗುಣಕ 16. ವರ್ಷಕ್ಕೆ 1,44,000, ಅದನ್ನು 16ರಿಂದ ಗುಣಿಸಿದರೆ 23,04,000. ಡಾಕ್ಟರು ಕಾಲಿಗೆ ಶೇ 45 ಎಂದು ಬರೆದರು. ನಮ್ಮ ನ್ಯಾಯಮಂಡಳಿಗಳಲ್ಲಿ ಒಂದು ಅಂಗದ ಅಂಕಿಯ ಮೂರನೇ ಒಂದು ಭಾಗವನ್ನು ಇಡೀ ದೇಹದ ನಷ್ಟವೆಂದು ಹಿಡಿಯುವ ರೂಢಿ ಗಟ್ಟಿಯಾಗಿದೆ, ಆದ್ದರಿಂದ ಶೇ 15. ಕೈಗೆ ಬರುವುದು 3,45,600. ಈಗ ಅದೇ ಮನುಷ್ಯ ಕುಕ್ಕರುಗಾಲಲ್ಲಿ ಕೂಡಲಾರ, ಕಬ್ಬಿನ ಹೊರೆ ಹೊತ್ತು ಟ್ರೇಲರಿಗೆ ಹಚ್ಚಿದ ಹಲಗೆ ಹತ್ತಲಾರ, ಗ್ಯಾಂಗಿನ ಮುಕಾದಮ ಅವನನ್ನು ಮತ್ತೆ ಕರೆದಿಲ್ಲ ಎಂಬುದನ್ನು ನೀನು ಸಾಕ್ಷಿಯಲ್ಲಿ ತಂದೆ, ನ್ಯಾಯಾಧೀಶರು ದುಡಿಮೆಯ ನಷ್ಟ ಶೇ 60 ಎಂದರು ಎನ್ನು. ಆಗ 13,82,400. ಮೂಳೆ ಅದೇ, ಎಕ್ಸ್‌ರೇ ಅದೇ. ನಡುವಿನ ಹತ್ತು ಲಕ್ಷ ಚಿಲ್ಲರೆ ಇರುವುದು ನೀನು ಕೇಳಿದ ಪ್ರಶ್ನೆಯಲ್ಲಿ. ಇದರ ಮೇಲೆ, ಮುಂದೆ ಗಳಿಕೆ ಏರುತ್ತಿತ್ತು ಎಂಬ ಲೆಕ್ಕಕ್ಕೆ 2017ರ ಪ್ರಣಯ್ ಸೇಠಿ ತೀರ್ಪು 40ರ ಒಳಗಿನ ಸ್ವಂತ ದುಡಿಮೆಯವರಿಗೆ ಶೇ 40 ಸೇರಿಸಲು ಹೇಳಿದೆ. ಗಾಯದ ಕೇಸಿನಲ್ಲೂ ಅದನ್ನು ಕೇಳು, ಬಿಡಬೇಡ.

"ಪಗಾರದ ಚೀಟಿ ಎಲ್ಲಿದೆ?" ಎಂದು ಇನ್ಶುರನ್ಸ್ ಕಂಪನಿಯ ವಕೀಲರು ಕೇಳುತ್ತಾರೆ. ಕೂಲಿಯವನಿಗೆ ಯಾರು ಚೀಟಿ ಕೊಡುತ್ತಾರೆ? ನಮ್ಮ ಕರ್ನಾಟಕದ್ದೇ ಒಬ್ಬ ಕೂಲಿಯ ಪ್ರಕರಣದಲ್ಲಿ, 2004ರ ಅಪಘಾತಕ್ಕೆ, ಒಂದು ಕಾಗದವೂ ಇಲ್ಲದೆ ತಿಂಗಳಿಗೆ 4,500 ರೂಪಾಯಿ ಗಳಿಕೆಯನ್ನು ಸುಪ್ರೀಂ ಕೋರ್ಟು ಒಪ್ಪಿತು. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗಾಗಿ ಮಾಡಿದ ವರ್ಷವಾರು ಗಳಿಕೆಯ ಪಟ್ಟಿಯೂ ಇದೆ, ಹೈಕೋರ್ಟು ಅದನ್ನು ಹಿಡಿದೇ ನಡೆಯುತ್ತದೆ. ಆದರೆ ಆ ಪಟ್ಟಿ ಕೊನೆಯ ಆಸರೆ ಮಾತ್ರ. ಹಾಲಿನ ಡೇರಿಯ ಪಾಸ್‌ಬುಕ್ಕು, ಕಾರ್ಖಾನೆಗೆ ಕಬ್ಬು ಕಳಿಸಿದ ಪಾವತಿ, ಬೈಲಹೊಂಗಲ ಎಪಿಎಂಸಿಯ ಹತ್ತಿ ಪಟ್ಟಿ, ಸ್ವಸಹಾಯ ಸಂಘದಲ್ಲಿ ಪ್ರತಿ ವಾರ ಕಟ್ಟಿದ ಕಂತು, ಇವೆಲ್ಲ ಗಳಿಕೆಯ ಗುರುತುಗಳು. ಮನೆಗೆ ಹೋಗಿ ಟ್ರಂಕು ತೆಗೆಸಿ ನೋಡಿದರೆ ಸಿಗುತ್ತವೆ. ಆಫೀಸಿನಲ್ಲೇ ಕೂತು ಕೇಳಿದರೆ "ಏನೂ ಇಲ್ರಿ" ಎನ್ನುತ್ತಾರೆ.

ಡಾಕ್ಟರನ್ನು ಕಟಕಟೆಗೆ ಕರೆಸುವುದು ನಮ್ಮ ಕೆಲಸದಲ್ಲೇ ಬೇಸರದ ಭಾಗ. ಆಪರೇಷನ್ ಮಾಡಿದವರು ಬರುವುದಿಲ್ಲ, ಕೇಸಿನ ಮುನ್ನಾದಿನ ನೋಡಿದವರು ಓಡಿ ಬರುತ್ತಾರೆ. ಸಾಧ್ಯವಿದ್ದಷ್ಟೂ ಚಿಕಿತ್ಸೆ ಮಾಡಿದವರನ್ನೇ ಹಿಡಿ. ಅವರಿಗೆ ಪುರುಸೊತ್ತಿಲ್ಲವೆಂದರೆ ಕೋರ್ಟ್ ಕಮಿಷನರರನ್ನು ಆಸ್ಪತ್ರೆಗೇ ಕಳಿಸಿ ಸಾಕ್ಷಿ ಬರೆಸಲು ಅರ್ಜಿ ಹಾಕು. ಅವರನ್ನು ಪರ್ಸೆಂಟಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ಹತ್ತು ಪ್ರಶ್ನೆ ಕಸುಬಿನ ಬಗ್ಗೆ ಕೇಳು: ಇವನು ಕೂಡಬಲ್ಲನೇ, ಏಣಿ ಹತ್ತಬಲ್ಲನೇ, ಟ್ರಾಕ್ಟರ್ ಕ್ಲಚ್ ತುಳಿಯಬಲ್ಲನೇ? ರಾಡು ತೆಗೆಯಲು ಇನ್ನೊಂದು ಆಪರೇಷನ್ ಬೇಕಾದರೆ ಅದರ ಅಂದಾಜು ಖರ್ಚನ್ನು ಆಗಲೇ ಬರೆಸಿಕೊ. ಕೇಸ್ ಶೀಟು ಕೊಡಲು ಸತಾಯಿಸಿದರೆ, ರೋಗಿ ಬರೆದು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಮಂಡಳಿಯ ನಿಯಮ 2002ರಿಂದ ಇದೆ ಎಂದು ವಿನಯದಿಂದಲೇ ನೆನಪು ಮಾಡಿಕೊಡು.

ಈಗ ನಮ್ಮ ಸೀಮೆಯದೇ ಕಷ್ಟಕ್ಕೆ ಬರುತ್ತೇನೆ. 2023ರ ಜನವರಿ ಮೊದಲ ವಾರ ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರು ರಾತ್ರಿ ಗೂಡ್ಸ್ ಗಾಡಿಯೊಂದನ್ನು ಹತ್ತಿದರು. ಗಾಡಿ ಮರಕ್ಕೆ ಬಡಿದು ಆರು ಜನ ಸತ್ತರು, ಹಲವರು ಗಾಯಗೊಂಡರು. ಸುದ್ದಿ ಕೇಳಿ ಊರು ಮರುಗಿತು. ಸರಕು ಸಾಗಿಸುವ ಗಾಡಿಯ ವಿಮೆ ಅದರಲ್ಲಿ ಕೂತ ಮನುಷ್ಯರಿಗೆ ಸಲ್ಲುತ್ತದೆಯೇ ಎಂಬುದು ಇಂಥ ಪ್ರತಿ ಸುದ್ದಿಯ ಹಿಂದೆ ವಕೀಲನಿಗೆ ಕಾಣುವ ಪ್ರಶ್ನೆ. ಸಾಮಾನ್ಯವಾಗಿ ಸಲ್ಲುವುದಿಲ್ಲ. 2002ರ ಆಶಾ ರಾಣಿ ತೀರ್ಪಿನಿಂದ ಈ ಗೋಡೆ ಗಟ್ಟಿಯಾಗಿ ನಿಂತಿದೆ. ಒಳಗಿದ್ದವನು ಆ ಸರಕಿನ ಮಾಲೀಕನೋ ಅವನ ಪರವಾಗಿ ಹೊರಟವನೋ ಆಗಿದ್ದರೆ ಮಾತ್ರ ಬಾಗಿಲಿದೆ. ತನ್ನದೇ ಬದನೆಕಾಯಿ ಚೀಲದ ಜೊತೆ ಪೇಟೆಗೆ ಬಂದ ರೈತನಿಗೆ ವಿಮೆ ಉಂಟು, ಅದೇ ಗಾಡಿಯಲ್ಲಿ ಗುಡ್ಡಕ್ಕೆ ಹೊರಟ ಅವನ ತಾಯಿಗೆ ಇಲ್ಲ. ಟ್ರಾಕ್ಟರಿನ ಟ್ರೇಲರಿನಲ್ಲಿ ಮದುವೆಗೆ, ಜಾತ್ರೆಗೆ ಹೋಗುವವರದೂ ಇದೇ ಗತಿ. ಒಕ್ಕಲುತನಕ್ಕೆಂದು ವಿಮೆ ಮಾಡಿಸಿದ ಗಾಡಿ ಅದು. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು ಕೋರ್ಟುಗಳು ಹೇಳಿವೆ. ನಮ್ಮ ಧಾರವಾಡ ಪೀಠದಲ್ಲಿ 2020ರಲ್ಲಿ ಪೂರ್ಣಪೀಠ ಈ 'ಕೊಟ್ಟು ವಸೂಲು ಮಾಡು' ತತ್ವವನ್ನೇ ಕೂಲಂಕಷವಾಗಿ ನೋಡಿದೆ, ಆ ತೀರ್ಪನ್ನು ಒಂದಲ್ಲ, ಎರಡು ಸಲ ಓದು. ಅದೂ ಸಿಗದೆ ಹೋದರೆ ಉಳಿಯುವುದು ಎರಡೆಕರೆಯ ಗಾಡಿ ಮಾಲೀಕನ ಮೇಲೆ ಒಂದು ಡಿಕ್ರಿ. ಇಂಥ ಕೇಸಿನಲ್ಲಿ ಯಾರಾದರೂ ನಿನ್ನ ಕಿವಿಯಲ್ಲಿ "ಮೇಡಂ, ಒಂದ್ ಜ್ವಾಳದ ಚೀಲ ಇತ್ತ ಅಂತ ಬರ್ಯೂಣಲ್ರಿ" ಎನ್ನುತ್ತಾರೆ. ಇಲ್ಲದ ಚೀಲ ಹುಟ್ಟಿಸಬೇಡ. ಗುದ್ದಿದ ಗಾಡಿಗೆ ವಿಮೆಯಿಲ್ಲವೆಂದು ವಿಮೆಯಿದ್ದ ಇನ್ನೊಂದು ಗಾಡಿಯನ್ನು ತಂದು ನಿಲ್ಲಿಸುವ ದಂಧೆಯೂ ಉಂಟು. ಆ ಸಾಹಸ ಮಾಡಿದವರು ಕೋಟು ಕಳಚಿಟ್ಟದ್ದನ್ನು ಕಂಡಿದ್ದೇನೆ. ಅದಕ್ಕಿಂತ, ಯಲ್ಲಮ್ಮನ ಜಾತ್ರೆಯ ಭಾರತ ಹುಣ್ಣಿಮೆ ಹತ್ತಿರ ಬಂದಾಗ ನಿನ್ನ ಊರಿನ ಜನಕ್ಕೆ "ಬಸ್ಸಿಗೆ ಹೋಗ್ರಿ" ಎಂದು ಹೇಳಿದರೆ ಅದೇ ದೊಡ್ಡ ವಕೀಲಕಿ. ಸಾರಿಗೆ ಸಂಸ್ಥೆಯ ಬಸ್ಸು ಖಾಸಗಿ ಕಂಪನಿಯ ವಿಮೆ ಮಾಡಿಸದೆ ಇರಬಹುದು, ಆದರೆ ಸಂಸ್ಥೆಯೇ ನಷ್ಟ ತುಂಬಿಕೊಡಬೇಕು.

ಕಾಲಮಿತಿಯನ್ನು ಗೋಡೆಗೆ ಬರೆದು ಹಾಕು. 1994ರಿಂದ ಕ್ಲೇಮಿಗೆ ಕಾಲಮಿತಿಯೇ ಇರಲಿಲ್ಲ. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಮುರಿದ ತೊಡೆ ಕೂಡುವುದಕ್ಕೇ ಆರು ತಿಂಗಳು ಬೇಕು, ಇಂಥ ನಿಯಮ ಬರೆದವರು ಎಂದೂ ಹಾಸಿಗೆ ಹಿಡಿದಿರಲಿಕ್ಕಿಲ್ಲ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ತಡವಾಯಿತೆಂಬ ಒಂದೇ ಕಾರಣಕ್ಕೆ ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಯಿತು. ಹಾಗೆಂದು ಅದನ್ನು ನಂಬಿ ಕೂಡಬೇಡ. ಪುಣೆಯಲ್ಲೋ ಗೋವಾದಲ್ಲೋ ದುಡಿಯಲು ಹೋಗಿ ಪೆಟ್ಟು ತಿಂದು ಬಂದವನು ಅಲ್ಲಿಗೇ ಹೋಗಿ ಕೇಸು ಹಾಕಬೇಕಿಲ್ಲ. ತಾನು ವಾಸವಿರುವ ಕಡೆಯ ನ್ಯಾಯಮಂಡಳಿಗೇ ಬರಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀನಿಯರ್ ಸಿವಿಲ್ ಜಡ್ಜರ ಕೋರ್ಟುಗಳಲ್ಲೇ ಈ ಕೇಸು ನಡೆಯುತ್ತವೆ.

ಪಿ.ಬಿ. ರೋಡಿನಲ್ಲಿ ಕಿತ್ತೂರು, ಎಂ.ಕೆ. ಹುಬ್ಬಳ್ಳಿ ನಡುವೆ ಗುದ್ದಿ ಓಡಿಹೋದ ಲಾರಿ ಸಿಗದಿದ್ದರೆ ಸತ್ತವರಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ಸರ್ಕಾರದ ಯೋಜನೆಯಲ್ಲಿ ಇದೆ. ಅದಕ್ಕೆ ಕೋರ್ಟು ಬೇಡ, ತಹಶೀಲ್ದಾರರೋ ಎಸಿ ಸಾಹೇಬರೋ ವಿಚಾರಣೆ ಮಾಡುತ್ತಾರೆ. ಕೇಳುವವರೇ ಕಡಿಮೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ; ಆಸ್ಪತ್ರೆಯವರು ತಾವಾಗಿ ಹೇಳದಿದ್ದರೆ ನೀನು ಹೇಳು. ತಾನೇ ಬೈಕಿನಿಂದ ಬಿದ್ದವನಿಗೆ ಯಾರ ಮೇಲೂ ಕ್ಲೇಮು ಇಲ್ಲ, ಆದರೆ ಅವನ ಪಾಲಿಸಿಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯೋ ನೋಡು. ಕಾರ್ಖಾನೆಯಲ್ಲಿ, ಗಾಣದಲ್ಲಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾದರೆ ನೌಕರರ ಪರಿಹಾರದ ದಾರಿ. ಅದು 1923ರ ಕಾಯ್ದೆಯಿಂದ 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿದೆ. ಕೆಲಸದ ಮೇಲಿದ್ದಾಗಲೇ ಗಾಡಿ ಬಡಿದರೆ ಎರಡರಲ್ಲಿ ಒಂದನ್ನು ಆರಿಸಬೇಕು, ಎರಡೂ ಕಡೆ ಕೈಚಾಚುವಂತಿಲ್ಲ.

ಇನ್ನು ನಾನು ಬಹಳ ಒತ್ತಿ ಹೇಳಬೇಕೆಂದಿರುವ ಮಾತು. ಬೆನ್ನೆಲುಬು ಮುರಿದು ಮಲಗಿದವನ ಕೇಸಿನಲ್ಲಿ ಕೋರ್ಟಿಗೆ ಬರುವುದು ಅವನ ಫೋಟೋ, ಅವನ ಬಿಲ್ಲು, ಅವನ ಪರ್ಸೆಂಟು. ಹೆಂಡತಿ ಹೊರಗೆ ವರಾಂಡದಲ್ಲಿ ಕೂತಿರುತ್ತಾಳೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಜಾಗವೆಂದರೆ ಮನೆಯ ಪಡಸಾಲೆಯೇ. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ನಡುರಾತ್ರಿ ಅಲಾರಂ ಇಟ್ಟುಕೊಂಡು ಏಳುವವಳು ಅವಳು. ಮೂತ್ರದ ಚೀಲ ಬದಲಿಸುವವಳು, ಜಳಕ ಮಾಡಿಸುವವಳು, ಮೈದುನನನ್ನು ಕಾಡಿ ಬೇಡಿ ಗಾಡಿ ಮಾಡಿಸಿಕೊಂಡು ಹುಬ್ಬಳ್ಳಿಗೆ ತೋರಿಸಲು ಒಯ್ಯುವವಳು ಅವಳೇ. ಮೊದಲು ದಿನಕ್ಕಿಷ್ಟು ಕೂಲಿ ತರುತ್ತಿದ್ದಳು, ಅದೂ ನಿಂತಿತು. ಎರಡು ದುಡಿಮೆ ಹೋದ ಮನೆಯಲ್ಲಿ ಕಾಗದದ ಮೇಲೆ ಒಂದೇ ಹೋದಂತೆ ಕಾಣುತ್ತದೆ.

ಅವಳನ್ನು ಎರಡನೇ ಸಾಕ್ಷಿಯಾಗಿ ಕರೆ. "ಹೆಂಡತಿ ತಾನೇ ಮಾಡುತ್ತಾಳೆ, ಅದಕ್ಕೇನು ದುಡ್ಡು?" ಎಂಬ ಪಾಟೀಸವಾಲು ಖಂಡಿತ ಬರುತ್ತದೆ. ಆಗ 2020ರ ಕಾಜಲ್ ತೀರ್ಪು ತೆಗೆ. ಹರಿಯಾಣದ ಹನ್ನೆರಡು ವರ್ಷದ ಹುಡುಗಿ, ತಲೆಗೆ ಪೆಟ್ಟಾಗಿ ಪೂರ್ತಿ ಪರಾವಲಂಬಿಯಾದವಳು. ಸುಪ್ರೀಂ ಕೋರ್ಟು ಇಬ್ಬರು ಆರೈಕೆಯವರು ಬೇಕೆಂದು ಹಿಡಿದು, ಒಬ್ಬರಿಗೆ ತಿಂಗಳಿಗೆ 5,000ದಂತೆ, ಗುಣಕ 18 ಹಾಕಿ, ಆರೈಕೆಗೆಂದೇ 21,60,000 ರೂಪಾಯಿ ಕೊಟ್ಟಿತು. ಕೆಳಗಿನ ನ್ಯಾಯಮಂಡಳಿಗಳಲ್ಲಿ ಇಂದಿಗೂ 'ಆರೈಕೆ, ಪೌಷ್ಟಿಕ ಆಹಾರ, ಓಡಾಟ' ಎಂದು ಮೂರನ್ನೂ ಒಂದೇ ಗಂಟು ಕಟ್ಟಿ ಒಂದು ಸಣ್ಣ ಮೊತ್ತ ಹಾಕುವ ಚಟ ಬಿಟ್ಟಿಲ್ಲ. ಆ ಗಂಟನ್ನು ನೀನು ಅರ್ಜಿಯಲ್ಲೇ ಬಿಚ್ಚಿಡು. ಗಾಳಿ ಹಾಸಿಗೆ ಎಷ್ಟು ತಿಂಗಳಿಗೊಮ್ಮೆ ಹರಿಯುತ್ತದೆ, ಡೈಪರು ತಿಂಗಳಿಗೆ ಎಷ್ಟು, ಫಿಸಿಯೋಥೆರಪಿಯವರು ಹಳ್ಳಿಗೆ ಬಂದರೆ ಏನು ಕೇಳುತ್ತಾರೆ, ಎಲ್ಲ ಬೇರೆ ಬೇರೆ ಸಾಲು. ನೀನು ಹೆಣ್ಣುಮಗಳು ಎಂಬ ಕಾರಣಕ್ಕೆ ಅವಳು ನನಗೆ ಹೇಳದ್ದನ್ನೂ ನಿನಗೆ ಹೇಳುತ್ತಾಳೆ, ಅದರ ಬೆಲೆ ನಿನಗೆ ಗೊತ್ತಿರಲಿ. ತೀರ್ಪು ಕಡಿಮೆ ಎನಿಸಿದರೆ ಧಾರವಾಡ ಪೀಠಕ್ಕೆ ಅಪೀಲು, 90 ದಿನದೊಳಗೆ. 2008ಕ್ಕಿಂತ ಮುಂಚೆ ಅದಕ್ಕೂ ಬೆಂಗಳೂರಿಗೇ ಹೋಗಬೇಕಿತ್ತು. ಈಗಿನವರಿಗೆ ಮುಂಜಾನೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವ ಹಾದಿ.

ದುಡ್ಡು ಬಂದ ದಿನವೇ ಅಪಾಯ ಶುರು. ಅಣ್ಣತಮ್ಮಂದಿರು ಬರುತ್ತಾರೆ, ಸಾಲ ಕೊಟ್ಟವರು ಬರುತ್ತಾರೆ, ದಲ್ಲಾಳಿಯಂತೂ ಬ್ಯಾಂಕಿನ ಬಾಗಿಲಲ್ಲೇ ನಿಂತಿರುತ್ತಾನೆ. ದೊಡ್ಡ ಪಾಲನ್ನು ಠೇವಣಿ ಇಡಬೇಕೆಂದು ಕೋರ್ಟು ಹೇಳಿದರೆ ಪಕ್ಷಗಾರ ನಿನ್ನ ಮೇಲೆ ಸಿಟ್ಟಾಗುತ್ತಾನೆ, ಆಗಲಿ. ಠೇವಣಿಯ ಬಡ್ಡಿ ತಿಂಗಳು ತಿಂಗಳು ಬರುವಂತೆ ಕೇಳಿಕೊ, ಔಷಧಕ್ಕೆ ತಿಂಗಳು ತಿಂಗಳೇ ಬೇಕಲ್ಲ. ಪರಿಹಾರದ ಹಣ ನೇರ ಗಾಯಾಳುವಿನ ಖಾತೆಗೇ ಹೋಗಲಿ ಎಂದು 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸುಮ್ಮನೆ ಅಲ್ಲ. ಬಂದದ್ದರಲ್ಲಿ ಇಷ್ಟು ಪಾಲು ಎಂದು ಫೀ ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಎಲ್ಲರೂ ಮಾಡುತ್ತಾರೆ ಎಂಬ ಮಾತು ನನ್ನ ಮುಂದೆ ತರಬೇಡ. ಮೊದಲ ದಿನವೇ ಫೀ ಹೇಳು, ರಸೀದಿ ಕೊಡು. ಕೊಡಲಾಗದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸು: ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. 15100 ಎಂಬ ಸಹಾಯವಾಣಿಯೂ ಇದೆ.

ಕ್ಲೇಮಿನ ಗದ್ದಲದಲ್ಲಿ ಅಂಗವಿಕಲರ ಪಗಾರ ಮರೆತೇ ಹೋಗುತ್ತದೆ. ಅದಕ್ಕೆ ಬೇಕಾದ ಯುಡಿಐಡಿ ಕಾರ್ಡಿನ ಅಂಕಿಯೇ ಬೇರೆ, ನ್ಯಾಯಮಂಡಳಿಯ ಅಂಕಿಯೇ ಬೇರೆ; ಒಂದು ಇನ್ನೊಂದಕ್ಕೆ ಬದಲಿಯಾಗುವುದಿಲ್ಲ. ಕಾರ್ಡಿನಲ್ಲಿ ಶೇ 40 ದಾಟಿದರೆ ಪಿಂಚಣಿ, ಬಸ್ ಪಾಸು, ಮೀಸಲಾತಿಗೆ ದಾರಿ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾನೆ, ಬಹುತೇಕ ತಾನೂ ಅಂಗವಿಕಲನೇ. ತಾಲ್ಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಕಾರ್ಯಕರ್ತ. ಅವರ ಪರಿಚಯ ಮಾಡಿಕೊ. ಅವರಿಗೆ ಗೊತ್ತಿರುವಷ್ಟು ಮನೆಗಳು ನಮ್ಮ ಬಾರಿನ ಯಾರಿಗೂ ಗೊತ್ತಿಲ್ಲ.

ಕೊನೆಗೆ ಮುದುಕರ ಮಾತು. ಅಪಘಾತವಿಲ್ಲದೆಯೂ ಹಾಸಿಗೆ ಹಿಡಿದವರಿದ್ದಾರೆ. ವಾಟ್ನಿಯಲ್ಲೋ ಬಕ್ಷೀಸ್ ಪತ್ರದಲ್ಲೋ ಹೊಲ ಬರೆದುಕೊಟ್ಟ ಮೇಲೆ ಊಟದ ತಾಟು ದೂರ ಸರಿಯಿತು ಎನ್ನುವ ಅಜ್ಜಿಯರು ನಿನ್ನ ಹತ್ತಿರ ಬರುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಇಲ್ಲಿ ಉಪವಿಭಾಗಾಧಿಕಾರಿಗಳೇ, ಅವರ ಕಚೇರಿ ಬೈಲಹೊಂಗಲದಲ್ಲೇ ಇದೆ. ತಿಂಗಳಿಗೆ 10,000ದವರೆಗೆ ಪೋಷಣೆ ಕೊಡಿಸಬಹುದು. 23ನೇ ಕಲಮಿನಲ್ಲಿ ಬರೆದುಕೊಟ್ಟ ಪತ್ರವನ್ನೇ ರದ್ದು ಮಾಡಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತು ಇತ್ತೆಂದು ತೋರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಬಿಗಿ ಹಿಡಿಯಿತು, 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಆದ್ದರಿಂದ ಪತ್ರ ಬರೆಸಲು ಯಾರೇ ಬರಲಿ, ಊಟ, ಔಷಧ, ಕಡೆತನಕ ಅದೇ ಮನೆಯಲ್ಲಿ ವಾಸ, ಈ ಮೂರನ್ನೂ ಷರತ್ತಾಗಿ ಬರೆದ ಮೇಲೇ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಸು. ಬರೆಸಿಕೊಳ್ಳುವ ಮಗ ಮುಖ ಗಂಟಿಕ್ಕಿದರೆ ಅಲ್ಲಿಗೇ ನಿಲ್ಲಿಸು.

ಆ ಕಾಯ್ದೆಯ 17ನೇ ಕಲಮು ನಮ್ಮ ಕೋಟನ್ನು ಹೊರಗಿಟ್ಟಿದೆ, ಕೆಲವು ಹೈಕೋರ್ಟುಗಳು ಅದನ್ನು ಒಪ್ಪಿಲ್ಲ. ನೀನು ಒಳಗೆ ಹೋಗದಿದ್ದರೂ ಅರ್ಜಿ ಬರೆದುಕೊಡಬಹುದು, ಕನ್ನಡದಲ್ಲಿ, ಎರಡು ಪುಟ. ಬಿಪಿ ಗುಳಿಗೆ ಯಾರು ತರುತ್ತಾರೆ, ತಿಂಗಳಿಗೆ ಎಷ್ಟಾಗುತ್ತದೆ, ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಯಾರನ್ನು ಎಬ್ಬಿಸಬೇಕು, ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದವರು ಯಾರು, ಇಷ್ಟು ಬರೆ. ಅಜ್ಜಿಯನ್ನು ಮೊಮ್ಮಗನೋ ಇನ್ನೊಬ್ಬ ಮಗನೋ ಕರೆದುಕೊಂಡು ಬಂದಿರುತ್ತಾನೆ. ಅವನಿಗೂ ಕುರ್ಚಿ ಕೊಡು, ನೀರು ಕೊಡು. ಆಕೆ ಮಾತು ಶುರು ಮಾಡುವ ಮೊದಲು ಮಾತ್ರ ಅವನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸು.